ಏನೋ ಇತ್ತ್

ಸಾಣಿಕಟ್ಟೆಗೆ ಇದು ನನ್ನ ನಾಲ್ಕನೇ ಸಲ.
ಚೀಲದಲ್ಲಿ ಮೂವತ್ತೆರಡು ಸೀಸೆ, ಹತ್ತಿ, ಫಾರಮ್ಮಿನ ಕಟ್ಟು.
ಕುಮಟೆ ಬಸ್ಸಿನ ಕುಲುಕಿಗೆ ಒಡೆಯದಿರಲಿ ಎಂದು
ಹಳೇ ದುಪಟ್ಟಾದಲ್ಲಿ ಸುತ್ತಿ ತಂದಿದ್ದೇನೆ.

ಬುಧವಂತಿ ಆಗರದ ಬದುವಿನ ಮೇಲೇ ಕಾಯುತ್ತಾಳೆ.
"ಬಂದ್ಲು, ಹನಿ ಬಿಡೂ ಹೆಂಗಸು" ಎಂದು
ಪಕ್ಕದ ಗದ್ದೆಯವಳಿಗೆ ಕೂಗುವಾಗ
ದನಿ ಅರ್ಧಕ್ಕೇ ಒಣಗುತ್ತದೆ.
ಸೊಂಟದ ಬಾಟಲಿಯಿಂದ ಒಂದು ಗುಟುಕು,
ಆಮೇಲೆ ಉಳಿದರ್ಧ.

ಹುಬ್ಬಳ್ಳಿಯಲ್ಲಿ ಮೂವತ್ತಮೂರು ಸಲ ಕರೆಂಟು ಕೊಟ್ಟರು.
ನಾಲಗೆಯ ಎಡ ಅಂಚಿನ ಗಂಟು ಹೋಯಿತು. ಕವಳ ಹೋಯಿತು.
ಕಾಯಿಲೆ ಇಲ್ಲ ಎಂದು ಬರೆದ ಚೀಟಿ ಪ್ಲಾಸ್ಟಿಕ್ಕಿನೊಳಗೆ
ಕ್ಯಾಲೆಂಡರಿನ ಮೊಳೆಗೆ ತೂಗುತ್ತಿದೆ.
ನನ್ನ ಕೆಲಸ ಆ ಚೀಟಿಯಿಂದಾಚೆಯದು:
ಉಳಿದವರಿಗೆ ಉಂಡದ್ದು ರುಚಿಸುತ್ತದೋ,
ರಾತ್ರಿ ಎಷ್ಟು ಸಲ ನೀರಿಗೆ ಏಳುತ್ತಾರೆ,
ಮದುವೆಮನೆಯಲ್ಲಿ ಪಂಕ್ತಿಗೆ ಕೂರುತ್ತಾರೋ
ಎಲ್ಲರೂ ಎದ್ದ ಮೇಲೆ ಮೂಲೆ ಹುಡುಕುತ್ತಾರೋ.
ಇದಕ್ಕೆ ದುಡ್ಡು ಕೊಡುವವರು ಕಡಿಮೆ.
ಗಡ್ಡೆಗಿರುವ ಮರ್ಯಾದೆ ಬಾಯಾರಿಕೆಗಿಲ್ಲ ಎನ್ನುತ್ತಾರೆ ನನ್ನ ಗೈಡು.

ಉಪ್ಪು ತೆಗೆಯುವವಳಿಗೆ ಉಪ್ಪು ಹತ್ತುವುದಿಲ್ಲ.
ಮೊದಲ ಸಲ ಹೀಗೆ ಹೇಳಿ ಅವಳೇ ನಕ್ಕಿದ್ದಳು.
ನಾನೂ ನಗಬಹುದೋ ಹೇಗೋ,
ತರಬೇತಿಯಲ್ಲಿ ಹೇಳಿರಲಿಲ್ಲ.

ಆಗರಕ್ಕೆ ಅವಳ ನಾಲಗೆ ಬೇಕಿಲ್ಲ, ನಿಜ.
ಹಿಮ್ಮಡಿಯ ಬಿರುಕು ಉರಿದರೆ ನೀರು ಹಣ್ಣಾಗಿದೆ,
ಹಲಗೆ ಎಳೆವಾಗ ಸದ್ದು ದಪ್ಪವಾದರೆ ಹರಳು ಕೂತಿದೆ.
ಕಷ್ಟ ಒಲೆಯ ಮುಂದೆ.
ಬಂಗಡೆ ಸಾರಿಗೆ ಮೂರು ಬೆರಳ ಚಿಟಿಕೆ ಹಾಕಿ
ಮೊಮ್ಮಗನ ಮುಖ ನೋಡುತ್ತಾಳೆ.
ಅವನ ಹುಬ್ಬೇ ಅವಳ ನಾಲಗೆ.
"ಅಂವ ಶಾಲೆಗೆ ಹೋದ ದಿವಸ ಎಲ್ಲಾರಿಗೂ ಸಪ್ಪೆಯೇ."

ಬಾಯಿ ಮುಕ್ಕಳಿಸಿ ಕೂತಳು. ತೆಳುವಿನಿಂದ ಶುರು.
ಸಿಹಿ ಏಳರಲ್ಲಿ ಸಿಕ್ಕಿತು.
ಹುಳಿ ಐದಕ್ಕೇ. "ಮುರುಗಲು!" ಎಂದಳು,
ಹಳೇ ನೆಂಟಳನ್ನು ಬಸ್ಸಿನಲ್ಲಿ ಕಂಡ ಹಾಗೆ.
ಕಹಿ ಎಂಟಾದರೂ ಬರಲಿಲ್ಲ.
"ಅದು ಬರದಿದ್ರೂ ಅಡ್ಡಿಲ್ಲ, ಮುಂದೆ ಹೋಗು."

ಉಪ್ಪು. ಒಂದು, ನೀರು. ಎರಡು, ನೀರು. ಮೂರು, ನೀರು.
ಹೊರಗೆ ಮೇ ತಿಂಗಳ ಆಗರ ಕಣ್ಣು ಚುಚ್ಚುವಷ್ಟು ಬೆಳ್ಳಗೆ,
ಮಳೆಗೆ ಮುಂಚೆ ರಾಶಿಗೆ ಮಡ್ಲು ಹೊದೆಸುವ ಗಡಿಬಿಡಿ.
ಒಳಗೆ ನಾವಿಬ್ಬರೂ ಒಂದು ಹನಿಗಾಗಿ
ಉಸಿರು ಹಿಡಿದು ಕೂತಿದ್ದೇವೆ.

ಆರನೇ ಸೀಸೆ. ಕಣ್ಣು ಮುಚ್ಚಿದಳು. ಬಹಳ ಹೊತ್ತು.
"ಏನೋ ಇತ್ತ್."

ನಾನು ಗದಗಿನವಳು. ಇತ್ತು ಎಂದರೆ ಈಗಿಲ್ಲ.
ಬಂದು ಹೋಯಿತು ಎಂದು ಬರೆಯತೊಡಗಿದೆ.
ಅವಳು ನನ್ನ ಪೆನ್ನಿನ ಮೇಲೆ ಕೈಯಿಟ್ಟಳು.
ಭಟ್ಕಳದಾಚೆಯ ತವರಂತೆ, ಅಲ್ಲಿಯ ಮಾತಂತೆ,
ಅಲ್ಲಿ ಇತ್ತ್ ಎಂದರೆ ಇದೆ.
"ಹೋಯ್ಲಿಲ್ಲ. ಇತ್ತ್. ಈಗ್ಳೂ ಇತ್ತ್."
ಎಂತದು?
"ಅದು ಗುತ್ತಿಲ್ಲ."

ನಮ್ಮ ಫಾರಮ್ಮಿನಲ್ಲಿ ಎರಡು ಕಾಲಂ:
ಇದೆ ಎಂದು ತಿಳಿದದ್ದು ಬೇರೆ, ಏನೆಂದು ತಿಳಿದದ್ದು ಬೇರೆ.
ಮೊದಲನೆಯದರಲ್ಲಿ ಆರು ಎಂದು ಬರೆದು
ಮತ್ತೊಂದನ್ನು ಖಾಲಿ ಬಿಟ್ಟೆ.
ಮೂರು ಭೇಟಿಯಲ್ಲಿ ಎರಡೂ ಖಾಲಿಯಿದ್ದವು.

ಬೇರೆಯವರಿಗೂ ಹೀಗೆಯಾ, ಕೇಳಿದಳು.
ಹೆಸರು ಹೇಳುವಂತಿಲ್ಲ, ಊರೂ ಹೇಳುವಂತಿಲ್ಲ.
ನಲವತ್ತೊಂದು ಜನರಲ್ಲಿ ಇಪ್ಪತ್ತಾರು ಜನಕ್ಕೆ, ಎಂದೆ.
"ಇಪ್ಪತ್ತಾರಾ?"
ಬಾಟಲಿಯ ಮುಚ್ಚಳ ತಿರುವುತ್ತ ಯೋಚಿಸಿದಳು.
"ಹಂಗಾರೆ ಒಂದ್ ಪಂಕ್ತಿ ಆಯ್ತಲ್ಲ."

ಎದ್ದು, ಗೋಡೆಗೊರಗಿಸಿದ್ದ ಹಲಗೆ ತೆಗೆದುಕೊಂಡಳು.
ಬಿಸಿಲು ಇಳಿಯುವುದರೊಳಗೆ ಇನ್ನೊಂದು ಗದ್ದೆ ಇತ್ತು.